ಅಂಗಿಯ ಗುಂಡಿ, ರಾತ್ರಿಯ ಬಿ.ಪಿ.: ನನ್ನ 14 ತಿಂಗಳು

ಎಡತೋಳಿನ ಗುಂಡಿಯನ್ನು ಬಲಗೈಯಿಂದ ಹಾಕಬೇಕು. ಐವತ್ತು ವರ್ಷ ಮಾಡಿದ ಕೆಲಸ, ಕಣ್ಣು ಮುಚ್ಚಿಕೊಂಡೂ ಆಗುವಂಥದ್ದು. ಆ ಬೆಳಿಗ್ಗೆ ಬೆರಳುಗಳು ಗುಂಡಿಯನ್ನು ಹಿಡಿದವು, ಕಾಜದ ಬಾಯಿಗೂ ತಂದವು, ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ನೋವಿಲ್ಲ, ಜೋಮು ಹಿಡಿದಿಲ್ಲ. ಹೇಳಿದ ಮಾತು ಬೆರಳ ತುದಿಗೆ ತಲುಪುತ್ತಿಲ್ಲ, ಅಷ್ಟೇ. ಕನ್ನಡಿಯ ಮುಂದೆ ನಿಂತು ಹತ್ತು ಹದಿನೈದು ನಿಮಿಷ ಒದ್ದಾಡಿದೆ. ಆಮೇಲೆ ಏನೂ ಆಗದಂತೆ ಗುಂಡಿ ಕಾಜದೊಳಗೆ ಜಾರಿತು. ರಾತ್ರಿ ಕೈ ಮೇಲೆ ಮಲಗಿರಬೇಕು ಎಂದುಕೊಂಡು ಕೆಲಸಕ್ಕೆ ಹೊರಟೆ. ಎರಡು ದಿನ ಯಾರಿಗೂ ಹೇಳಲಿಲ್ಲ.

ಹತೋಟಿ ತಪ್ಪಿದ ಬಿ.ಪಿ.ಯಿಂದ ನನ್ನ ಮಿದುಳಿನ ಸಣ್ಣ ರಕ್ತನಾಳಗಳು ಹಾಳಾದ ಕಥೆ ಇದು. ಮುಂದಿನದನ್ನು ಓದುವ ವ್ಯವಧಾನ ಇಲ್ಲದವರು ಇದೊಂದನ್ನು ಓದಿಕೊಂಡು ಹೋಗಲಿ. ಆ ಎರಡು ದಿನ ನಾನು ಮಾಡಿದ್ದು ಶುದ್ಧ ದಡ್ಡತನ. ಒಂದು ಬದಿಯ ಕೈಯೋ ಕಾಲೋ ಇದ್ದಕ್ಕಿದ್ದಂತೆ ಸೋತರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ತಾನಾಗಿ ಸರಿಹೋದರೂ ಆ ಗಳಿಗೆಯಲ್ಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಅವಕಾಶ ನಾಲ್ಕೂವರೆ ಗಂಟೆ. ಸರಿಹೋಯಿತು ಎಂದು ನಿಟ್ಟುಸಿರು ಬಿಟ್ಟ ಮೇಲಿನ ಮೊದಲ 48 ಗಂಟೆಗಳಲ್ಲೇ ದೊಡ್ಡ ಪಾರ್ಶ್ವವಾಯು ಬಡಿಯುವ ಭಯ ಹೆಚ್ಚು. ನಾನು ಆ 48 ಗಂಟೆಗಳನ್ನು ಕುರ್ಚಿಯಲ್ಲಿ ಕೂತು ಕರಡು ತಿದ್ದುತ್ತ ಕಳೆದೆ. ಕರಡು ತಿದ್ದುವುದೇ ನನ್ನ ವೃತ್ತಿ.

ಮೂರನೆಯ ದಿನ ರಾತ್ರಿ ಮಾತಿನ ನಡುವೆ ಗುಂಡಿಯ ಕಥೆಯನ್ನು ತಮಾಷೆಯಾಗಿ ಹೇಳಿದೆ. ಹೆಂಡತಿ ನಕ್ಕಳು. ಮಗಳು ನಗಲಿಲ್ಲ. ‘ಅಪ್ಪಾ, ಎರಡೂ ಕೈ ಮುಂದಕ್ಕೆ ಚಾಚಿ, ಕಣ್ಣು ಮುಚ್ಚಿ’ ಎಂದಳು. ಚಾಚಿದೆ. ಬಲಗೈ ನಿಧಾನವಾಗಿ ಕೆಳಗಿಳಿಯುತ್ತಿದೆ ಎಂದು ಅವಳಿಗೆ ಅನಿಸಿತಂತೆ. ನನಗೆ ಏನೂ ಅನಿಸಲಿಲ್ಲ. ಅರ್ಧ ಗಂಟೆಯಲ್ಲಿ ಆಸ್ಪತ್ರೆಯಲ್ಲಿದ್ದೆವು.

ಬಿ.ಪಿ. 192/106. ನನಗೆ ಬಿ.ಪಿ. ಇದೆಯೆಂದು ಹನ್ನೊಂದು ವರ್ಷದಿಂದ ಗೊತ್ತಿತ್ತು. ಮಾತ್ರೆಯೂ ಇತ್ತು, ನೆನಪಾದಾಗ ನುಂಗುತ್ತಿದ್ದೆ. ತಲೆನೋವಿಲ್ಲ, ತಲೆಸುತ್ತಿಲ್ಲ, ಇನ್ನೇಕೆ ಮಾತ್ರೆ ಎಂಬ ಲೆಕ್ಕಾಚಾರ. ಈಗಲಾದರೂ ಇಂಜೆಕ್ಷನ್ ಕೊಟ್ಟು ತಕ್ಷಣ ಇಳಿಸುತ್ತಾರೆ ಎಂದುಕೊಂಡರೆ ಅವರು ಅವಸರವನ್ನೇ ಮಾಡಲಿಲ್ಲ. ಮಗಳಿಗೆ ಸಿಟ್ಟು ಬಂತು. ಕಾರಣ ಆಮೇಲೆ ತಿಳಿಯಿತು. ವರ್ಷಗಟ್ಟಲೆ ಹೆಚ್ಚಿನ ಒತ್ತಡದಲ್ಲಿದ್ದ ಮಿದುಳಿನ ರಕ್ತನಾಳಗಳು ಆ ಒತ್ತಡಕ್ಕೇ ಹೊಂದಿಕೊಂಡಿರುತ್ತವೆ. ಒಮ್ಮೆಲೇ ಇಳಿಸಿದರೆ ಮೊದಲೇ ಕಿರಿದಾದ ನಾಳಗಳ ಕೊನೆಯಲ್ಲಿರುವ ಜಾಗಕ್ಕೆ ರಕ್ತವೇ ಸಾಲದಂತಾಗುತ್ತದೆ.

ಸಿ.ಟಿ. ಸ್ಕ್ಯಾನ್ ಮಾಡಿದರು, ‘ನಾರ್ಮಲ್’ ಎಂದರು. ಆ ಮಾತು ಕೇಳಿ ಮನೆಗೆ ಹೊರಡಲು ಚಪ್ಪಲಿ ಹುಡುಕಿದವನು ನಾನು. ತುರ್ತು ವಿಭಾಗದ ಸಿ.ಟಿ. ಮುಖ್ಯವಾಗಿ ನೋಡುವುದು ಒಳಗೆ ರಕ್ತಸ್ರಾವ ಆಗಿದೆಯೇ ಎಂಬುದನ್ನು. ಕೆಲವು ಮಿಲಿಮೀಟರಿನ ಗಾಯಗಳು ಅದರ ಕಣ್ಣಿಗೆ ಬೀಳದೇ ಹೋಗಬಹುದು. ಅದಕ್ಕೆ ಎಂ.ಆರ್.ಐ. ಬೇಕು. ಅದರ ಸರದಿಗೆ ಎರಡು ದಿನ ಕಾಯಬೇಕಾಯಿತು, ಅಲ್ಲಿಯವರೆಗೆ ಆಸ್ಪತ್ರೆಯಲ್ಲೇ ಇಟ್ಟುಕೊಂಡರು.

ಎಂ.ಆರ್.ಐ. ಬಗ್ಗೆ ಜನ ಹೆದರಿಸುವಷ್ಟೇನೂ ಇಲ್ಲ, ಆದರೆ ಸಿದ್ಧರಾಗಿ ಹೋಗುವುದು ಒಳ್ಳೆಯದು. ಮೊದಲು ಒಂದು ಅರ್ಜಿ: ಪೇಸ್‌ಮೇಕರ್ ಇದೆಯೇ, ಹಳೆಯ ಶಸ್ತ್ರಚಿಕಿತ್ಸೆಯ ಕ್ಲಿಪ್ಪು ಇದೆಯೇ, ಕಣ್ಣಿಗೆ ಎಂದಾದರೂ ಲೋಹದ ಚೂರು ಬಿದ್ದಿತ್ತೇ. ಹಳೆಯ ಆಪರೇಷನ್ನಿನ ಕಾಗದಗಳಿದ್ದರೆ ಜೊತೆಗಿಟ್ಟುಕೊಳ್ಳಿ. ನನ್ನ ಮುಂದಿದ್ದವರನ್ನು ಅವರ ಕಾಲಿನೊಳಗಿದ್ದ ರಾಡು ಯಾವ ಲೋಹದ್ದು ಎಂದು ತಿಳಿಯದೆ ವಾಪಸು ಕಳುಹಿಸಿದರು. ಕೊಳವೆಯೊಳಗೆ ಹೋಗುವ ಮುನ್ನವೇ ಕಣ್ಣು ಮುಚ್ಚಿ. ಒಳಗೆ ಹೋದ ಮೇಲೆ ಮುಚ್ಚುತ್ತೇನೆ ಎಂದುಕೊಂಡರೆ ಆಗುವುದಿಲ್ಲ. ಕಿವಿಗೆ ಬಿರಡೆ ಕೊಟ್ಟರೂ ಬಾಗಿಲು ಬಡಿದಂತೆ, ಗರಗಸ ಎಳೆದಂತೆ, ಹಳೆಯ ಅಚ್ಚಿನ ಯಂತ್ರ ತಿರುಗಿದಂತೆ ಸದ್ದು. ನಾನು ಆ ಸದ್ದಿನ ತಾಳಕ್ಕೆ ಅಕ್ಷರಮಾಲೆ ಹೇಳಿಕೊಂಡೆ. ಳಕಾರಕ್ಕೆ ಬಂದು ಮತ್ತೆ ಅಕಾರಕ್ಕೆ ಎಷ್ಟು ಸಲ ಹೋದೆನೋ. ಅರ್ಧ ಗಂಟೆ ಹಿಡಿಯಿತು.

ಹೊಸ ಗಾಯವೇನೂ ಕಾಣುತ್ತಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿ, ಬಿ.ಪಿ. ಮಾತ್ರೆ, ಕೊಲೆಸ್ಟರಾಲ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಕೊಟ್ಟು ಮನೆಗೆ ಕಳುಹಿಸಿದರು. ನರರೋಗ ತಜ್ಞರ ಭೇಟಿ ಆರು ದಿನಗಳ ನಂತರ. ಪೂರ್ತಿ ವರದಿ ಮಾತ್ರ ಮಾರನೆಯ ದಿನವೇ ಮೊಬೈಲಿಗೆ ಬಂತು. ಇಡೀ ಪ್ರಯಾಣದಲ್ಲಿ ನನ್ನನ್ನು ಅತಿ ಹೆಚ್ಚು ಸತಾಯಿಸಿದ್ದು ಆ ಆರು ದಿನಗಳು. ‘ದೀರ್ಘಕಾಲದ ಸಣ್ಣ ರಕ್ತನಾಳಗಳ ಬದಲಾವಣೆ, ಫಝೇಕಾಸ್ 2. ಬಲ ಥಲಾಮಸ್‌ನಲ್ಲಿ 7 ಮಿ.ಮೀ. ಹಳೆಯ ಲ್ಯಾಕ್ಯೂನ್. ಆಳದ ಭಾಗಗಳಲ್ಲಿ ನಾಲ್ಕು ಮೈಕ್ರೋಬ್ಲೀಡ್.’ ಥಲಾಮಸ್ ಎಂದರೆ ಮಿದುಳಿನ ಆಳದ ಒಂದು ಭಾಗ, ಉಳಿದ ಪದಗಳ ಅರ್ಥ ಮುಂದೆ ಬರುತ್ತದೆ. ಒಂದೊಂದು ಪದವನ್ನೂ ಹುಡುಕಿದೆ. ಒಂದೊಂದರ ಕೊನೆಯಲ್ಲೂ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಎಂಬ ಪದ ಕಾದು ಕೂತಿತ್ತು. ರಾತ್ರಿ ನಿದ್ದೆ ಬಾರದೆ ನನ್ನನ್ನು ನಾನೇ ಪರೀಕ್ಷೆ ಮಾಡಿಕೊಳ್ಳತೊಡಗಿದೆ.

‘ಗಂಟೆ ಎರಡಾಯಿತು, ಏನು ಗೊಣಗುತ್ತಿದ್ದೀರಿ?’ ಎಂದಳು ಹೆಂಡತಿ.

‘ನಾವಿದ್ದ ಹಳೆಯ ಮನೆಗಳ ಫೋನ್ ನಂಬರು.’

‘ನನಗೆ ಒಂದೂ ನೆನಪಿಲ್ಲ’ ಎಂದು ಮಗ್ಗುಲು ಬದಲಿಸಿದಳು. ಆ ವಾರದ ಏಕೈಕ ಸಮಾಧಾನ ಅದೇ. ವರದಿಯನ್ನು ಡಾಕ್ಟರ ಎದುರು ಕೂತೇ ತೆರೆಯುವ ಸಂಯಮ ನಿಮಗಿದ್ದರೆ ಹಾಗೆ ಮಾಡಿ. ನನಗಿರಲಿಲ್ಲ.

ನರರೋಗ ತಜ್ಞೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅವರು ವಿವರಿಸಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಅದು ಬಳಸುವ ಆಮ್ಲಜನಕ ಮಾತ್ರ ನೂರಕ್ಕೆ ಸುಮಾರು ಇಪ್ಪತ್ತು ಪಾಲು. ಬುಡದಲ್ಲಿ ಹರಿಯುವ ದಪ್ಪ ರಕ್ತನಾಳಗಳಿಂದ ಅರ್ಧ ಮಿಲಿಮೀಟರಿನಷ್ಟು, ಅದಕ್ಕಿಂತಲೂ ಸಣ್ಣ ಕವಲುಗಳು ನೆಟ್ಟಗೆ, ಹೆಚ್ಚುಕಡಿಮೆ ಲಂಬಕೋನದಲ್ಲಿ, ಮಿದುಳಿನ ಆಳಕ್ಕೆ ಏರುತ್ತವೆ. ಬೇರೆ ಕಡೆ ರಕ್ತನಾಳ ಕವಲೊಡೆದು ಕವಲೊಡೆದು ಸಣ್ಣದಾಗುವಷ್ಟರಲ್ಲಿ ಒತ್ತಡವೂ ತಗ್ಗಿರುತ್ತದೆ. ಇಲ್ಲಿ ಹಾಗಿಲ್ಲ. ಹೆದ್ದಾರಿಯಿಂದ ನೇರ ಓಣಿಗೆ ತಿರುಗಿದ ಲಾರಿಯ ಹಾಗೆ, ದಪ್ಪ ನಾಳದ ಪೂರ್ತಿ ಏಟು ಸಣ್ಣ ನಾಳದ ಗೋಡೆಗೆ ಬೀಳುತ್ತದೆ. ಆ ಓಣಿಗೆ ಇನ್ನೊಂದು ಬಾಗಿಲೂ ಇಲ್ಲ. ಅದು ಮುಚ್ಚಿದರೆ ಆಚೆಯ ಮನೆಗಳಿಗೆ ಬೇರೆ ದಾರಿಯಿಲ್ಲ.

ವರ್ಷಗಟ್ಟಲೆ ಏಟು ತಿಂದ ಗೋಡೆಯಲ್ಲಿ ಸ್ನಾಯುಕೋಶಗಳು ಸಾಯುತ್ತವೆ. ಅವುಗಳ ಜಾಗದಲ್ಲಿ ಗಾಜಿನಂತೆ ಕಾಣುವ ಗಡುಸು ವಸ್ತು ತುಂಬುತ್ತದೆ. ಗೋಡೆ ದಪ್ಪವಾಗುತ್ತದೆ, ಒಳದಾರಿ ಕಿರಿದಾಗುತ್ತದೆ. ಹೆಚ್ಚು ರಕ್ತ ಬೇಕಾದಾಗ ಅಗಲವಾಗುವ ಗುಣ ಹೋಗುತ್ತದೆ. ಅಲ್ಲಲ್ಲಿ ಒಸರತೊಡಗುತ್ತದೆ. ಆಮೇಲೆ ನಾಳವೊಂದು ಪೂರ್ತಿ ಮುಚ್ಚಿಕೊಂಡರೆ ಅದರ ತುದಿಯ ಭಾಗ ಸತ್ತು, ಕರಗಿ, ನೀರು ತುಂಬಿದ ಗುಳಿಯಾಗುತ್ತದೆ. ಸುಮಾರು 3ರಿಂದ 15 ಮಿ.ಮೀ. ಅಗಲದ ಇಂಥ ಗುಳಿಗೇ ಲ್ಯಾಕ್ಯೂನ್ ಎನ್ನುವುದು. ಸತ್ತವರ ಮಿದುಳನ್ನು ಪದರ ಪದರವಾಗಿ ಸೀಳಿ, ಗುಳಿಗೆ ಹೋಗುವ ಕೂದಲೆಳೆಯಂಥ ನಾಳವನ್ನು ಬೆನ್ನಟ್ಟಿ ಈ ಸಂಬಂಧವನ್ನು 1960ರ ದಶಕದಲ್ಲಿ ಬಿಡಿಸಿಟ್ಟವರು ಮಿಲ್ಲರ್ ಫಿಶರ್ ಎಂಬ ನರವೈದ್ಯರು. ನಾಳ ಮುಚ್ಚದೆ ಬರೀ ಬಡಕಲಾಗಿ, ಒಸರುತ್ತ ಉಳಿದರೆ ಅದರ ಸುತ್ತಲಿನ ನರತಂತುಗಳು ಸೊರಗಿ, ಫ್ಲೇರ್ ಎಂಬ ಬಗೆಯ ಚಿತ್ರದಲ್ಲಿ ಬಿಳಿ ಕಲೆಗಳಾಗಿ ಹೊಳೆಯುತ್ತವೆ. ಬಿರುಕು ಬಿಟ್ಟರೆ ಮೈಕ್ರೋಬ್ಲೀಡ್, ಬಹಳ ಸಣ್ಣ ರಕ್ತದ ಕಲೆ. ಅದೇ ನಾಳ ದೊಡ್ಡದಾಗಿ ಒಡೆದರೆ ಮಿದುಳಿನ ರಕ್ತಸ್ರಾವ.

ಒಂದೇ ಕಾಯಿಲೆ ಒಂದು ಕಡೆ ಕಟ್ಟಿಕೊಳ್ಳುವುದೂ ಇನ್ನೊಂದು ಕಡೆ ಒಡೆಯುವುದೂ ನನಗೆ ಬಹಳ ಹೊತ್ತು ತಲೆಗೆ ಹೋಗಲಿಲ್ಲ. ಇದನ್ನು ಹೇಳಲು ಕಾರಣವಿದೆ. ವರದಿಯಲ್ಲಿ ಬಿಳಿ ಕಲೆ ಎಂದು ಓದಿ ಸ್ವಂತವಾಗಿ ಆಸ್ಪಿರಿನ್ ಶುರುಮಾಡಿದ ಇಬ್ಬರನ್ನು ಆಮೇಲೆ ಕಾಯುವ ಕೋಣೆಯಲ್ಲಿ ಭೇಟಿಯಾದೆ. ಕೈ ಸೋತ ಪ್ರಸಂಗವಿದ್ದುದರಿಂದ ನನಗೆ ಅದನ್ನು ಕೊಟ್ಟರು, ನಾಲ್ಕು ರಕ್ತದ ಕಲೆಗಳನ್ನು ತೂಗಿ ನೋಡಿ ಕೊಟ್ಟರು. ಬರೀ ಬಿಳಿ ಕಲೆಗೆ ಅದು ಮದ್ದಲ್ಲ.

‘ನನ್ನ ಕೈ ಸೋತದ್ದಕ್ಕೆ ಕಾರಣ ಆ 7 ಮಿಲಿಮೀಟರಿನ ಗುಳಿಯೇ?’ ಎಂದು ಕೇಳಿದೆ.

‘ಅಲ್ಲ. ಬಲಗೈಯನ್ನು ನಡೆಸುವುದು ಮಿದುಳಿನ ಎಡಭಾಗ. ಈ ಗುಳಿ ಬಲಗಡೆ ಇದೆ. ಇದು ಎಂದೋ ಆದದ್ದು, ನಿಮಗೆ ಗೊತ್ತೇ ಆಗಿಲ್ಲ.’

ಯಾವ ದಿನ ಆಗಿರಬಹುದು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಮಿದುಳಿನ ಒಂದು ತುಣುಕು ಸತ್ತ ಆ ದಿನ ನಾನು ಬಹುಶಃ ಯಾರದೋ ಕಾಗುಣಿತ ತಿದ್ದುತ್ತಿದ್ದೆ.

ಫಝೇಕಾಸ್ ಎಂಬುದಕ್ಕೆ ಹೆದರಬೇಕಿಲ್ಲ. ಬಿಳಿ ಕಲೆಗಳನ್ನು 0ಯಿಂದ 3ರವರೆಗೆ ಅಳೆಯುವ, 1987ರಿಂದ ಬಳಕೆಯಲ್ಲಿರುವ ಶ್ರೇಣಿ ಅದು. 0 ಎಂದರೆ ಕಲೆಯಿಲ್ಲ, 1 ಎಂದರೆ ಚುಕ್ಕೆಗಳು, 2 ಎಂದರೆ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಳ್ಳತೊಡಗಿವೆ, 3 ಎಂದರೆ ಕೂಡಿ ಹಬ್ಬಿವೆ. ಅರವತ್ತು ದಾಟಿದವರಲ್ಲಿ 1 ಸಾಮಾನ್ಯ. ನನಗೆ ಆಗ 58. ವರದಿಯ ಕೆಳಗೆ ‘ವಯಸ್ಸಿಗೆ ಸಂಬಂಧಿಸಿದ ಬದಲಾವಣೆ’ ಎಂಬ ಮಾತಿದ್ದರೆ ‘ನನ್ನ ವಯಸ್ಸಿಗೆ ಇಷ್ಟು ಸಹಜವೇ?’ ಎಂದು ಬಾಯಿಬಿಟ್ಟು ಕೇಳಿ. ಮೈಕ್ರೋಬ್ಲೀಡ್ ಇದ್ದರೆ ಎಲ್ಲಿವೆ ಎಂದೂ ಕೇಳಿ. ನನ್ನವು ಆಳದಲ್ಲಿದ್ದವು, ಅದು ಬಿ.ಪಿ.ಯ ರುಜು. ಮಿದುಳಿನ ಹೊರ ಅಂಚಿನಲ್ಲಷ್ಟೇ ಇದ್ದರೆ ನಾಳಗಳ ಗೋಡೆಯಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಕೂಡಿಕೊಳ್ಳುವ ಬೇರೆಯದೇ ತೊಂದರೆಯನ್ನು ಯೋಚಿಸುತ್ತಾರೆ.

ಮುಂದಿನ ವಾರ ನೆನಪು ಮತ್ತು ಗಮನದ ಪರೀಕ್ಷೆ. 30 ಅಂಕ, ಪೆನ್ಸಿಲ್ಲು, ಒಂದು ಹಾಳೆ. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರು. 93, 86, 79 ಎಂದೆ. ಆಮೇಲೆ ಎಲ್ಲಿದ್ದೇನೆ ಎಂಬುದೇ ಕೈಬಿಟ್ಟಿತು. ಗಡಿಯಾರ ಬರೆಯಿರಿ ಎಂದರು. ಒಂದರಿಂದ ಶುರುಮಾಡಿದೆ, ಒಂಬತ್ತು ಬರುವಷ್ಟರಲ್ಲಿ ಜಾಗ ಮುಗಿದು ಹತ್ತು, ಹನ್ನೊಂದು, ಹನ್ನೆರಡು ಒಂದರ ಮೇಲೊಂದು ಹತ್ತಿ ಕೂತವು. ಪುಟ ವಿನ್ಯಾಸ ನೋಡಿಯೇ ತಪ್ಪು ಹಿಡಿಯುವವನ ಗಡಿಯಾರ ಅದು. ಮೊದಲೇ ಹೇಳಿದ್ದ ಐದು ಪದಗಳಲ್ಲಿ ಮೂರು ಮಾತ್ರ ಬಂದವು. ಸಣ್ಣ ಸುಳಿವು ಕೊಟ್ಟೊಡನೆ ಉಳಿದೆರಡೂ ಬಂದವು. ಈ ಸುಳಿವಿನ ಸಂಗತಿಯನ್ನು ಡಾಕ್ಟರು ಒತ್ತಿ ಹೇಳಿದರು: ಪದ ಒಳಗೆ ಉಳಿದಿದೆ, ಹುಡುಕಿ ತರುವ ದಾರಿ ನಿಧಾನವಾಗಿದೆ. ಸಣ್ಣ ನಾಳಗಳ ಕಾಯಿಲೆ ಹೆಚ್ಚಾಗಿ ಕಾಡುವುದು ಹೀಗೆ, ವೇಗ ಮತ್ತು ಯೋಜನೆಯ ಕಡೆಯಿಂದ. ನನಗೆ ಬಂದದ್ದು 24. 26ರಿಂದ ಮೇಲಿದ್ದರೆ ಸಾಮಾನ್ಯ ಎಂದು ಲೆಕ್ಕ. ಮನೆಗೆ ಬಂದು ಯಾರೊಡನೆಯೂ ಮಾತಾಡಲಿಲ್ಲ. ಒಂದು ವರ್ಷದಿಂದ ಒಂದೇ ಪುಟವನ್ನು ಎರಡೆರಡು ಸಲ ಓದುತ್ತಿದ್ದುದು, ಅದಕ್ಕೆ ಕನ್ನಡಕವನ್ನು ದೂರಿ ಎರಡು ಸಲ ಬದಲಿಸಿದ್ದು ಎಲ್ಲ ನೆನಪಾಯಿತು.

ಅದೇ ವಾರ 24 ಗಂಟೆಯ ಬಿ.ಪಿ. ಯಂತ್ರ ಕಟ್ಟಿದರು. ಈ ಪರೀಕ್ಷೆಗಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ ಎಂದರೂ ಸರಿ. ತೋಳಿಗೆ ಪಟ್ಟಿ, ಸೊಂಟಕ್ಕೆ ಪುಟ್ಟ ಪೆಟ್ಟಿಗೆ. ಹಗಲು 20 ನಿಮಿಷಕ್ಕೊಮ್ಮೆ, ರಾತ್ರಿ ಅರ್ಧ ಗಂಟೆಗೊಮ್ಮೆ ಅದು ತೋಳನ್ನು ಹಿಂಡುತ್ತದೆ. ಹಿಂಡುವಾಗ ಕೈ ಅಲುಗಿಸಬಾರದು. ಅಲುಗಿಸಿದರೆ ಸಿಟ್ಟಾಗಿ ಮತ್ತೊಮ್ಮೆ ಹಿಂಡುತ್ತದೆ. ಸ್ನಾನ ಮೊದಲೇ ಮುಗಿಸಿ ಹೋಗಿ. ಮಲಗಿದ್ದು, ಎದ್ದದ್ದು, ಮಾತ್ರೆ ನುಂಗಿದ್ದು ಎಲ್ಲದರ ಸಮಯವನ್ನು ಬರೆದಿಡಿ, ಇಲ್ಲವಾದರೆ ಫಲಿತಾಂಶ ಅರ್ಧ ವ್ಯರ್ಥ.

ಫಲಿತಾಂಶ: ಹಗಲಿನ ಸರಾಸರಿ 141/86. ರಾತ್ರಿಯ ಸರಾಸರಿ 149/88.

ನಿದ್ದೆಯಲ್ಲಿ ಒತ್ತಡ ನೂರಕ್ಕೆ 10ರಿಂದ 20ರಷ್ಟು ಇಳಿಯಬೇಕು. ರಾತ್ರಿಯ ಸರಾಸರಿ 120/70ರ ಕೆಳಗಿರಬೇಕು. ನನ್ನದು ಮಲಗಿದ ಮೇಲೆ ಏರುತ್ತಿತ್ತು. ಹನ್ನೊಂದು ವರ್ಷ ನಾನು ಬಿ.ಪಿ. ಅಳೆಸಿಕೊಂಡದ್ದು ಯಾವಾಗ? ಕ್ಲಿನಿಕ್ಕಿಗೆ ಹೋಗುವ ದಿನ ಮಾತ್ರ ನಿಯತ್ತಾಗಿ ಬೆಳಿಗ್ಗೆ ಎಂಟಕ್ಕೆ ಮಾತ್ರೆ ನುಂಗಿ, ಹನ್ನೊಂದಕ್ಕೆ. ‘ಸ್ವಲ್ಪ ಹೆಚ್ಚಿದೆ, ಪರವಾಗಿಲ್ಲ’ ಎಂಬ ಮಾತು ಕೇಳಿ ಬರುತ್ತಿದ್ದೆ. ಉಳಿದ ಹೊತ್ತಿನ, ಉಳಿದ ದಿನಗಳ ಲೆಕ್ಕ ಯಾರ ಬಳಿಯೂ ಇರಲಿಲ್ಲ. ಮಿದುಳಿನ ನಾಳಗಳಿಗೆ ಸಿಗಬೇಕಾದ ವಿರಾಮವೆಂದರೆ ರಾತ್ರಿಯದು. ನನ್ನವು ಆ ಪಾಳಿಯನ್ನೂ ದುಡಿದಿದ್ದವು.

ಕಾರಣ ಹುಡುಕುತ್ತ ಡಾಕ್ಟರು ಹೆಂಡತಿಯನ್ನು ಕೇಳಿದರು: ‘ಗೊರಕೆ ಹೊಡೆಯುತ್ತಾರೆಯೇ?’ ಅವಳು ಎಷ್ಟೋ ವರ್ಷದಿಂದ ಆ ಪ್ರಶ್ನೆಗಾಗಿಯೇ ಕಾಯುತ್ತಿದ್ದವಳಂತೆ ಉತ್ತರಿಸಿದಳು. ನಿದ್ದೆಯ ಪರೀಕ್ಷೆಯಲ್ಲಿ ಗಂಟೆಗೆ 24 ಸಲ ಉಸಿರು ತಡೆಯುತ್ತಿತ್ತು ಎಂದು ಬಂತು, ಮಧ್ಯಮ ತೀವ್ರತೆ. ಮುಖವಾಡದ ಮೂಲಕ ಗಾಳಿ ಊದುವ ಯಂತ್ರ ಕಟ್ಟಿಕೊಂಡು ಮಲಗಬೇಕು. ಮೊದಲ ಎರಡು ವಾರ ನಡುರಾತ್ರಿ ಅದನ್ನು ಕಿತ್ತೆಸೆಯುತ್ತಿದ್ದೆ. ಮುಖವಾಡದ ಅಳತೆ ಬದಲಿಸಿದ ಮೇಲೆ ಒಗ್ಗಿತು. ಸಿಗುವುದಾದರೆ ಮೊದಲ ತಿಂಗಳು ಬಾಡಿಗೆಗೆ ತನ್ನಿ, ಅಳತೆ ಸರಿಹೊಂದಿದ ಮೇಲೆ ಕೊಳ್ಳಿ.

ಇನ್ನೊಂದು ಕಳ್ಳ ನನ್ನ ಜೇಬಿನಲ್ಲೇ ಇತ್ತು: ಮಂಡಿನೋವಿಗೆ ವರ್ಷಗಳಿಂದ ನುಂಗುತ್ತಿದ್ದ ಮಾತ್ರೆ. ಆ ಜಾತಿಯ ನೋವಿನ ಮಾತ್ರೆಗಳು, ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಮಾತ್ರೆಗಳು ಬಿ.ಪಿ.ಯನ್ನು ಏರಿಸುತ್ತವೆ. ಚೀಟಿಯಿಲ್ಲದೆ ಕೊಂಡದ್ದು ಔಷಧವೇ ಅಲ್ಲವೆಂದು ನಾನು ಪಟ್ಟಿಯಲ್ಲಿ ಬರೆದೇ ಇರಲಿಲ್ಲ. ನೀವು ನುಂಗುವುದನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ.

ಕಣ್ಣಿನ ಹಾಗೂ ಮೂತ್ರದ ಪರೀಕ್ಷೆಗೂ ಬರೆದುಕೊಟ್ಟಾಗ ದುಡ್ಡು ಕೀಳುತ್ತಿದ್ದಾರೆ ಎಂದುಕೊಂಡೆ. ಹಾಗಲ್ಲ. ದೇಹದ ಸಣ್ಣ ನಾಳಗಳನ್ನು ಕೊಯ್ಯದೆ ಕಣ್ಣಾರೆ ನೋಡಬಹುದಾದ ಜಾಗ ಕಣ್ಣಿನ ಹಿಂಪದರ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದ್ದರೆ ಮೂತ್ರಪಿಂಡದ ಸಣ್ಣ ನಾಳಗಳೂ ಏಟು ತಿಂದಿವೆ ಎಂದರ್ಥ. ನನ್ನಲ್ಲಿ ಎರಡೂ ಕಡೆ ಗುರುತು ಸಿಕ್ಕಿತು. ಕಣ್ಣಿಗೆ ಹನಿ ಹಾಕಿದ ಮೇಲೆ ಕೆಲವು ಗಂಟೆ ಬೆಳಕು ಚುಚ್ಚುತ್ತದೆ, ಅಕ್ಷರ ಕಾಣುವುದಿಲ್ಲ. ವಾಹನ ನಡೆಸಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.

ಮಾತ್ರೆ ಹೊಂದಿಸಲು ಐದು ತಿಂಗಳು ಹಿಡಿಯಿತು. ಮೊದಲಿನ ಆಮ್ಲೋಡಿಪಿನ್ ಪ್ರಮಾಣ ಏರಿಸಿದಾಗ ಸಂಜೆಗೆ ಕಾಲುಚೀಲದ ಪಟ್ಟಿ ಕಣಕಾಲಲ್ಲಿ ಹೂತು ಗೆರೆ ಬೀಳುತ್ತಿತ್ತು. ಅದನ್ನು ಅರ್ಧಕ್ಕಿಳಿಸಿ ಟೆಲ್ಮಿಸಾರ್ಟಾನ್ ಸೇರಿಸಿದರು. ಎರಡು ವಾರಕ್ಕೆ ಪೊಟ್ಯಾಸಿಯಂ, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯೇಟಿನೈನ್ ನೋಡಲು ರಕ್ತ ಕೊಡಬೇಕಾಯಿತು. ಮೂರನೆಯದನ್ನು ಸೇರಿಸಿದ ವಾರ ಹಾಸಿಗೆಯಿಂದ ಎದ್ದವನಿಗೆ ಗೋಡೆ ಮೈಮೇಲೆ ಬಂದಂತಾಯಿತು. ಕೂತಾಗ 122, ನಿಂತಾಗ 98. ಅವಸರ ಹೆಚ್ಚಾಯಿತೆಂದು ಪ್ರಮಾಣ ಇಳಿಸಿ, ತಿಂಗಳುಗಟ್ಟಲೆ ಬಿಟ್ಟು ನಿಧಾನವಾಗಿ ಏರಿಸಿದರು. ಗುರಿ 130/80ರ ಕೆಳಗೆ. ರಾತ್ರಿ ಏರುವುದರಿಂದ ಮಾತ್ರೆಯನ್ನು ರಾತ್ರಿಯೇ ನುಂಗಲೇ ಎಂದು ಕೇಳಿದೆ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರಲ್ಲಿ ಬೆಳಿಗ್ಗೆ ನುಂಗಿದವರಿಗೂ ರಾತ್ರಿ ನುಂಗಿದವರಿಗೂ ಹೃದಯಾಘಾತ, ಪಾರ್ಶ್ವವಾಯುವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲವಂತೆ. ‘ಮರೆಯದ ಹೊತ್ತಿಗೆ ನುಂಗಿ’ ಎಂದರು. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಎಲ್ಲ ಸೇರಿ ಒಂದು ಟೀ ಚಮಚ. ಮೊದಲ ತಿಂಗಳು ಅಡುಗೆಗೆಲ್ಲ ನೀರು ಬೆರೆಸಿದಂತಿತ್ತು, ಆಮೇಲೆ ನಾಲಿಗೆಯೇ ದಾರಿಗೆ ಬಂತು.

ಇಷ್ಟು ಬಿಗಿ ಮಾಡಿದರೆ ಉಪಯೋಗವಿದೆಯೇ ಎಂದು ನಾನೂ ಹಟ ಹಿಡಿದು ಕೇಳಿದವನೇ. 2019ರ ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ, ಮೇಲಿನ ಅಂಕಿಯನ್ನು 120ರ ಕೆಳಗೆ ತರಲು ಚಿಕಿತ್ಸೆ ಪಡೆದವರಲ್ಲಿ 140ರ ಗುರಿಯವರಿಗಿಂತ ಬಿಳಿ ಕಲೆಗಳು ಕಡಿಮೆ ಬೆಳೆದವು, ನೆನಪು ಮತ್ತು ಯೋಚನೆಯ ಸೌಮ್ಯ ಕುಂದೂ ಕಡಿಮೆ ಕಂಡಿತು. ಡಿಮೆನ್ಷಿಯಾದ ಮಟ್ಟಿಗೆ ಮಾತ್ರ ಖಚಿತ ವ್ಯತ್ಯಾಸ ಕಾಣಲಿಲ್ಲ. ಸತ್ತ ಭಾಗ ಮರಳುವುದಿಲ್ಲ ಎಂದೂ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಆ ನೇರ ಮಾತು ಆರು ದಿನದ ಹುಡುಕಾಟಕ್ಕಿಂತ ಹಿತವಾಗಿತ್ತು.

ಮನೆಯಲ್ಲಿ ಅಳೆಯುವುದಕ್ಕೂ ಕ್ರಮವಿದೆ. ತೋಳಿಗೆ ಕಟ್ಟುವ ಯಂತ್ರ ಕೊಳ್ಳಿ, ಪಟ್ಟಿ ನಿಮ್ಮ ತೋಳಿನ ಅಳತೆಗಿರಲಿ. ಚಿಕ್ಕದಾದರೆ ಅಂಕಿ ಸುಳ್ಳೇ ಹೆಚ್ಚು ಬರುತ್ತದೆ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಪಾದಗಳನ್ನು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕಿಟ್ಟು ಐದು ನಿಮಿಷ ಸುಮ್ಮನೆ ಕೂರಬೇಕು. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಏಳು ದಿನ. ಮೊದಲ ದಿನದ್ದನ್ನು ಬಿಟ್ಟು ಸರಾಸರಿ. ಪುಸ್ತಕದಲ್ಲಿ ಬರೆಯುವಾಗ ಚೆನ್ನಾಗಿರುವ ಅಂಕಿಯನ್ನೇ ಆರಿಸಿಕೊಳ್ಳುವ ಆಸೆ ಬರುತ್ತದೆ. ನಾನು ಹಾಗೆ ಮಾಡಿ ಸಿಕ್ಕಿಬಿದ್ದೆ. ಎಲ್ಲವೂ ಸೊನ್ನೆಯಲ್ಲೇ ಮುಗಿದಿರುವುದನ್ನು ನೋಡಿ ಡಾಕ್ಟರು, ‘ಯಂತ್ರ ಇಷ್ಟು ದುಂಡಗೆ ಹೇಳುವುದಿಲ್ಲ’ ಎಂದರು.

ಖರ್ಚಿನ ವಿಷಯ: ಒಂದು ಎಂ.ಆರ್.ಐ.ಗೆ ಕೊಟ್ಟ ಹಣದಲ್ಲಿ ನಾನು ನುಂಗದೆ ಬಿಟ್ಟ ಮಾತ್ರೆಗಳು ಹಲವು ವರ್ಷಕ್ಕಾಗುವಷ್ಟು ಬರುತ್ತಿದ್ದವು. ವಿಮೆಯವರು ಸ್ಕ್ಯಾನಿನ ಹಣ ಕೊಟ್ಟರು, ನಿದ್ದೆಯ ಯಂತ್ರಕ್ಕೆ ಕೊಡಲಿಲ್ಲ. 24 ಗಂಟೆಯ ಪರೀಕ್ಷೆಗೆ ಡಾಕ್ಟರ ಚೀಟಿಯಲ್ಲಿ ಕಾರಣ ಬರೆದಿಲ್ಲವೆಂದು ಒಮ್ಮೆ ತಿರಸ್ಕರಿಸಿ, ಬರೆಸಿಕೊಂಡು ಹೋದ ಮೇಲೆ ಕೊಟ್ಟರು. ಪ್ರತಿ ಚೀಟಿಯಲ್ಲೂ ‘ಏಕೆ’ ಎಂಬುದನ್ನು ಬರೆಸಿಕೊಳ್ಳಿ. ಸ್ಕ್ಯಾನಿನ ವರದಿ ಸಾಲದು, ಚಿತ್ರಗಳಿರುವ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಮುಂದೆ ಹೋಲಿಸಲು ಬೇಕಾಗುವುದು ಅದೇ.

ಕಳೆದ ವಾರ ಮತ್ತೆ ಎಂ.ಆರ್.ಐ. ಆಯಿತು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಡಾಕ್ಟರು ಒಂದೊಂದೇ ಪದರ ಸರಿಸುತ್ತ ಹೋದರು. ಎರಡು ಕರಡುಗಳನ್ನು ಅಕ್ಷರ ಅಕ್ಷರ ತಾಳೆ ನೋಡುವ ಹಾಗೆ. ನಾನು ಪರದೆ ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದೆ. ಹೊಸ ಗುಳಿ ಇಲ್ಲ. ರಕ್ತದ ಕಲೆಗಳು ನಾಲ್ಕೇ. ಬಿಳಿ ಕಲೆಗಳು ಅಷ್ಟೇ. ನೆನಪಿನ ಪರೀಕ್ಷೆಯಲ್ಲಿ 27 ಬಂತು. ಎರಡನೆಯ ಸಲ ಬರೆಯುವಾಗ ಅಭ್ಯಾಸದಿಂದಲೂ ಒಂದೆರಡು ಅಂಕ ಹೆಚ್ಚು ಬರುತ್ತದೆ, ಬೀಗಬೇಡಿ ಎಂದರು. ಮುಂದಿನ ಸ್ಕ್ಯಾನ್ ಯಾವಾಗ ಎಂದು ಕೇಳಿದೆ. ಹೊಸ ತೊಂದರೆ ಕಂಡರೆ ಮಾತ್ರ, ಸುಮ್ಮನೆ ಬೇಡ. ಆರು ತಿಂಗಳ ನಂತರ 24 ಗಂಟೆಯ ಯಂತ್ರವನ್ನು ಮತ್ತೊಮ್ಮೆ ಕಟ್ಟುತ್ತಾರಂತೆ.

‘ಪುಸ್ತಕ ತನ್ನಿ’ ಎಂದರು, ನಾನು ಬಾಗಿಲ ಬಳಿ ಹೋದ ಮೇಲೆ. ‘ಅರ್ಧ ತೋಳಿನ ಅಂಗಿ ಹಾಕಿಕೊಂಡು ಬನ್ನಿ, ಪಟ್ಟಿ ಕಟ್ಟಲು ಸುಲಭ.’